ಜೇಡಿ ಮಣ್ಣಿದ್ದರೆ ಸಾಕಾ? ಊರ ಮೇಲಿನ ಪೈಸಾರಿಯಲ್ಲಿ ಕಸದ ಗುಂಡಿ ಮಾಡುತ್ತಾರಂತೆ

ಬಾಣೆಮನೆ:
ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ಹೊತ್ತು ತಂದಿದ್ದೇನೆ.

ನಮ್ಮದು ಮಡಿಕೇರಿ ತಾಲೂಕಿನ ಸಣ್ಣ ಊರು. ಊರ ಮೇಲ್ಗಡೆ ಎರಡು ಎಕರೆ ಪೈಸಾರಿ (ಸರ್ಕಾರಿ ಪಾಳು) ಜಾಗ ಇದೆ. ಅಲ್ಲಿ ಕಸ ಹೂಳುವ ಗುಂಡಿ ಮಾಡುವ ಮಾತು ನಡೆಯುತ್ತಿದೆ. ಮೊನ್ನೆ ಜಾಗ ನೋಡಲು ಬಂದ ಗುತ್ತಿಗೆದಾರರು ಒಂದು ಹಿಡಿ ಮಣ್ಣು ಕೆರೆದು ತೆಗೆದು, ಉಂಡೆ ಕಟ್ಟಿ, "ನೋಡಿ ಎಂಥ ಅಂಟು, ಅಪ್ಪಟ ಜೇಡಿ. ಒಂದು ತೊಟ್ಟು ನೀರು ಕೆಳಗೆ ಇಳಿಯಲ್ಲ. ತಳಕ್ಕೆ ಪ್ಲಾಸ್ಟಿಕ್ ಶೀಟು ಗೀಟು ಎಲ್ಲ ದಂಡದ ಖರ್ಚು" ಅಂದರು. ಉಂಡೆಯನ್ನು ನನ್ನ ಕೈಗೇ ಕೊಟ್ಟು ಜೀಪು ಹತ್ತಿದರು. ಅದೀಗ ನಮ್ಮ ಜಗಲಿ ಮೇಲೆ ಕೂತಿದೆ.

ಆ ಜಾಗದ ಕೆಳಗೆ ನಮ್ಮ ತೋಟ. ತೋಟದ ಕೆಳಗೆ ಏಳು ಮನೆಯವರ ಗದ್ದೆ. ಗದ್ದೆಯ ತಲೆಯಲ್ಲಿ ನಾವೆಲ್ಲ ಕುಡಿಯುವ ಬಾವಿ. ಮಣ್ಣು ಒಳ್ಳೆಯದಾ ಕೆಟ್ಟದಾ ಅಂತ ಉಂಡೆ ನೋಡಿ ಹೇಳಲು ಆಗುತ್ತಾ? ಮುಂದಿನ ಸೋಮವಾರ ಅವರು ಮತ್ತೆ ಬರುತ್ತಾರೆ. ಅಷ್ಟರೊಳಗೆ ನಾಲ್ಕು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದರೆ ಸಾಕು.

ಸುಂಟಿಕೊಪ್ಪ ಎಕ್ಸ್‌ಪ್ರೆಸ್:
ಉಂಡೆ ಕಟ್ಟುವುದೇ ಪರೀಕ್ಷೆ ಆದರೆ ನಮ್ಮ ಮನೆಯ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಫಸ್ಟ್ ಕ್ಲಾಸಲ್ಲಿ ಪಾಸ್.

ಗದ್ದೆಬದು:
ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ ಮಾರಾಯ್ರೆ. ಆದರೆ ಅರ್ಧ ಮಾತು. ಗದ್ದೆಯಲ್ಲಿ ನೀರು ಯಾಕೆ ನಿಲ್ಲುತ್ತದೆ? ಉತ್ತು, ನೀರು ಕಟ್ಟಿ, ಮತ್ತೆ ಉತ್ತು, ಎತ್ತು ತುಳಿದು ಕೆಸರು ಬೆಣ್ಣೆ ಆದ ಮೇಲೆ ನಿಲ್ಲುತ್ತದೆ. ಅದೇ ಗದ್ದೆಯನ್ನು ಮೂರು ವರ್ಷ ಪಾಳು ಬಿಟ್ಟು ನೋಡಿ. ಬೆಳಿಗ್ಗೆ ಕಟ್ಟಿದ ನೀರು ಸಂಜೆಗೆ ಇರಲ್ಲ. ಮಣ್ಣು ಅದೇ, ಅದರ ಮೇಲೆ ಆದ ಕೆಲಸ ಬೇರೆ.

ಇನ್ನೊಂದು. ಒಂದು ವರ್ಷ ಕಕ್ಕಡದಲ್ಲಿ (ಜುಲೈ-ಆಗಸ್ಟ್ ಮಳೆ ತಿಂಗಳು) ನಾಟಿ ಮುಗಿಸಿ ಮಲಗಿದೆವು. ಬೆಳಿಗ್ಗೆ ಹೋದರೆ ಮೇಲಿನ ಗದ್ದೆ ಒಣ. ಸಸಿ ಎಲ್ಲ ನೆಲಕ್ಕೆ ಒರಗಿದೆ. ಬದು ಉದ್ದಕ್ಕೂ ಬಗ್ಗಿ ಹುಡುಕಿದರೆ ಸಿಕ್ಕಿದ್ದು ಹೆಬ್ಬೆರಳು ಹೋಗುವಷ್ಟು ಒಂದು ಏಡಿ ತೂತು. ಒಂದೇ. ಅರ್ಧ ಎಕರೆ ನೀರು ಅಷ್ಟರಲ್ಲೇ ಹೋಗಿತ್ತು. ಜೇಡಿ ಎಷ್ಟೇ ಚೆನ್ನಾಗಿರಲಿ, ತೂತು ಒಂದಿದ್ದರೆ ಮುಗಿಯಿತು.

ಮಣ್ಣುಹುಳ:
ಗದ್ದೆಬದು ಅವರು ನಾನು ಹೇಳಬೇಕಾದ್ದರಲ್ಲಿ ಅರ್ಧ ಹೇಳಿಬಿಟ್ಟರು. ನಾನು ಸಿವಿಲ್ ಓದಿದವನು, ಮಣ್ಣು ಪರೀಕ್ಷೆ ಲ್ಯಾಬಲ್ಲಿ ಹನ್ನೊಂದು ವರ್ಷ ಕೈ ಕೆಸರು ಮಾಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನೀರೇ ಇಳಿಯದ ಮಣ್ಣು ಅಂತ ಇಲ್ಲ. ಎಷ್ಟು ನಿಧಾನಕ್ಕೆ ಇಳಿಯುತ್ತದೆ ಅನ್ನುವುದೇ ಲೆಕ್ಕ. 2016ರ ಘನತ್ಯಾಜ್ಯ ನಿಯಮದ (2026ರಲ್ಲಿ ಹೊಸ ನಿಯಮ ಬರುವವರೆಗೆ ಇದ್ದದ್ದು) ಪ್ರಕಾರ ಗುಂಡಿಯ ತಳಕ್ಕೆ 90 ಸೆಂ.ಮೀ ದಪ್ಪ ಜೇಡಿ, ಅಥವಾ ಏನಾದರೂ ಬೆರೆಸಿ ಸರಿಮಾಡಿದ ಮಣ್ಣು. ಅದರ ಮೇಲೆ 1.5 ಮಿ.ಮೀ ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟ್. ಮಣ್ಣು ನೀರು ಬಿಡುವ ವೇಗ 1×10⁻⁷ ಸೆಂ.ಮೀ/ಸೆಕೆಂಡ್ ದಾಟಬಾರದು. ಅಂದರೆ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲಿ ಒಂದು ಪಾಲು.

ಈಗ ತಳದ ಮೇಲೆ ಒಂದು ಅಡಿ ಕೊಳೆನೀರು ನಿಂತಿದೆ, ಶೀಟ್ ಇಲ್ಲ ಅಂದುಕೊಳ್ಳಿ. ಮಣ್ಣು ಈ ಮಟ್ಟಕ್ಕೆ ಪಾಸಾಗಿದ್ದರೆ ನೀರು 90 ಸೆಂ.ಮೀ ದಾಟಲು ಸುಮಾರು 8 ವರ್ಷ ತೆಗೆದುಕೊಳ್ಳುತ್ತದೆ. ಮಣ್ಣು ಹತ್ತು ಪಟ್ಟು ಸಡಿಲ ಇದ್ದರೆ ವರ್ಷದೊಳಗೆ ಕೆಳಗೆ. ನೂರು ಪಟ್ಟು ಸಡಿಲ ಇದ್ದರೆ ಒಂದು ತಿಂಗಳು. ಈ ಮೂರು ಮಣ್ಣನ್ನೂ ಕೈಯಲ್ಲಿ ಉಂಡೆ ಕಟ್ಟಬಹುದು. ಮೂರೂ ಒಂದೇ ಥರ ಕಾಣುತ್ತವೆ! ಹತ್ತು ಪಟ್ಟಿನ ವ್ಯತ್ಯಾಸ ಬೆರಳಿಗೆ ಗೊತ್ತಾಗಲ್ಲ.

ಪಾಸಾದ ಮಣ್ಣಿನಲ್ಲೂ ಆ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ ಲೀಟರ್ ಹತ್ತಿರ ಇಳಿಯುತ್ತದೆ. ಅದಕ್ಕೇ ಶೀಟ್. ಶೀಟಲ್ಲೂ ಎಲ್ಲೋ ಒಂದು ತೂತು, ಸರಿಯಾಗಿ ಕೂಡದ ಬೆಸುಗೆ ಇದ್ದೇ ಇರುತ್ತದೆ. ಆ ತೂತಿನ ಕೆಳಗೆ ಜೇಡಿ ಬಿಗಿಯಾಗಿ ಅಂಟಿಕೊಂಡಿದ್ದರೆ ನೀರಿಗೆ ಹರಡಲು ದಾರಿ ಸಿಗಲ್ಲ. ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಶೀಟ್ ದಂಡ ಅಂದವರಿಗೆ ಇಷ್ಟು ಹೇಳಿ ಸಾಕು.

ಕಾಫಿಕಣ:
ಹಾಗಾದರೆ ಅಂಟು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ? ಬಯಲುಸೀಮೆಯ ಎರೆ ಮಣ್ಣು ತರಿಸಿ ಹಾಕಿದರೆ ಮುಗಿಯಿತಲ್ಲ.

ಕುಂಬಾರಬೀದಿ:
ಇಲ್ಲ ಸರ್. ನಮ್ಮಪ್ಪ, ಅಜ್ಜ ಎಲ್ಲ ಮಡಕೆ ಮಾಡಿದವರು. ತೀರಾ ಅಂಟು ಮಣ್ಣು ಬಂದರೆ ಅಜ್ಜ ಮುಖ ಸಿಂಡರಿಸುತ್ತಿದ್ದರು. ನುಣ್ಣಗೆ ತಿರುಗುತ್ತದೆ, ನೋಡಲು ಚೆಂದ, ನೆರಳಲ್ಲಿ ಎರಡು ದಿನ ಇಟ್ಟರೆ ಕತ್ತಿನ ಹತ್ತಿರ ಬಿರುಕು. ಅದಕ್ಕೇ ಸಣ್ಣ ಮರಳು ಬೆರೆಸುತ್ತಿದ್ದೆವು. ಅಜ್ಜ ಮಣ್ಣು ಹಲ್ಲಲ್ಲಿ ಕಡಿದು ನೋಡುತ್ತಿದ್ದರು. ಕರಕರ ಅಂದರೆ ಮರಳು ಬೇಡ, ಬೆಣ್ಣೆ ಥರ ಇದ್ದರೆ ಮರಳು ಬೇಕು.

ಮಣ್ಣುಹುಳ:
ಅಜ್ಜನ ಹಲ್ಲೇ ಲ್ಯಾಬ್. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ನೋಡಿದವರಿಗೆ ಗೊತ್ತು. ಅದರ ಹೆಂಟೆ ಒಡೆಯುವುದೂ ಕಷ್ಟ.

ಲ್ಯಾಬಲ್ಲಿ ಹಲ್ಲಿನ ಬದಲು ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್ ಅಂತ ಎರಡು ಪರೀಕ್ಷೆ. ಮಣ್ಣು ಯಾವ ತೇವಕ್ಕೆ ಗಂಜಿಯಂತೆ ಹರಿಯಲು ಶುರು ಮಾಡುತ್ತದೆ, ಯಾವ ತೇವಕ್ಕೆ 3 ಮಿ.ಮೀ ದಾರ ಹೊಸೆದರೆ ತುಂಡಾಗುತ್ತದೆ ಅಂತ ನೋಡುತ್ತಾರೆ. ಎರಡರ ನಡುವಿನ ಅಂತರ ಸುಮಾರು 10ರಿಂದ 30 ಇದ್ದರೆ ಕೆಲಸಕ್ಕೆ ಬರುವ ಮಣ್ಣು. ಕಡಿಮೆ ಇದ್ದರೆ ನೀರು ಬಿಡುತ್ತದೆ, ಜಾಸ್ತಿ ಇದ್ದರೆ ಬಿರಿಯುತ್ತದೆ. ಜರಡಿ ಹಿಡಿದಾಗ ನುಣುಪು ಮಣ್ಣು ನೂರಕ್ಕೆ ಮೂವತ್ತಾದರೂ ಇರಬೇಕು, ದೊಡ್ಡ ಕಲ್ಲು ಇರಬಾರದು.

ಬಾಣೆಮನೆ ಅವರೇ, ಕೇಳಬೇಕಾದ ಪ್ರಶ್ನೆ ಇದು: ಐಎಸ್ 2720ರ (ಮಣ್ಣು ಪರೀಕ್ಷೆಯ ಭಾರತೀಯ ಮಾನದಂಡ) ಭಾಗ 4, 5, 7 ಮತ್ತು 17ರ ವರದಿ ತೋರಿಸಿ ಅನ್ನಿ. ಜರಡಿ, ಅಂಟಿನ ಮಿತಿ, ದಮ್ಮಸ್ಸು, ನೀರು ಇಳಿಯುವ ವೇಗ. ಎಷ್ಟು ಕಡೆಯಿಂದ, ಎಷ್ಟು ಆಳದಿಂದ ಸ್ಯಾಂಪಲ್ ತೆಗೆದರು ಅಂತಲೂ ಕೇಳಿ. ಎರಡು ಎಕರೆಗೆ ಒಂದು ಹಿಡಿ ಮಣ್ಣು ಅಂದರೆ ನಗಬಹುದು.

ಬಾಣೆಮನೆ:
ಬರೆದುಕೊಂಡೆ ಸರ್. ಅಂದಹಾಗೆ ಜಗಲಿ ಮೇಲಿನ ಉಂಡೆ ಇವತ್ತು ಎರಡು ಕಡೆ ಸೀಳಿದೆ. ಅದನ್ನು ಬಕೆಟ್ ನೀರಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಕರಗಿ ಗುಡ್ಡೆಯಾಯಿತು. ಅಂದರೆ ಮಣ್ಣು ಫೇಲ್ ತಾನೇ?

ಮಣ್ಣುಹುಳ:
ಇಲ್ಲ, ಅವಸರ ಬೇಡ. ಒಣಗಿದ ಜೇಡಿಯನ್ನು ನೀರಿಗೆ ಹಾಕಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ನುಗ್ಗಿ ಬಹುಪಾಲು ಹಾಗೇ ಬಿರಿಯುತ್ತದೆ. ಅವರು ಉಂಡೆ ನೋಡಿ ಪಾಸ್ ಮಾಡಿದ್ದು ಎಷ್ಟು ತಪ್ಪೋ, ನೀವು ಬಕೆಟ್ ನೋಡಿ ಫೇಲ್ ಮಾಡುವುದೂ ಅಷ್ಟೇ ತಪ್ಪು.

ಸಂಪಾಜೆ ಘಾಟಿ:
ಬಣ್ಣ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ. ನಮ್ಮ ಕಡೆ ಬರೆ (ಗುಡ್ಡದ ಇಳಿಜಾರು) ಕಡಿದಾಗ ಮೇಲೆ ಕೆಂಪು ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಪಟ್ಟೆ ಪಟ್ಟೆ ಮಣ್ಣು ಬರುತ್ತದೆ. ಅದಕ್ಕೆ ಶೇಡಿ ಅನ್ನುತ್ತೇವೆ. ಕೈಗೆ ನುಣುಪು, ನೋಡಿದರೆ ಜೇಡಿಯಂತೆಯೇ. ಆದರೆ ಜೇಡಿ ಬೇರೆ, ಶೇಡಿ ಬೇರೆ. ಒಣಗಿದಾಗ ಗುದ್ದಲಿ ಕುತ್ತಲು ಬಿಡಲ್ಲ, ಜಡಿಮಳೆ ಹಿಡಿದರೆ ಹಿಟ್ಟಿನಂತೆ ಹರಿದು ಹೋಗುತ್ತದೆ.

ಬಾಣೆಮನೆ:
ಅಯ್ಯೋ, ನಮ್ಮದು ಬಿಳಿ ಮೇಲೆ ಗುಲಾಬಿ ಅಕ್ಕ.

ಸಂಪಾಜೆ ಘಾಟಿ:
ನಾನು ಅಕ್ಕ ಅಲ್ಲ, ಅಣ್ಣ. ಪರವಾಗಿಲ್ಲ.

ಮಣ್ಣುಹುಳ:
ಘಾಟಿ ಅಣ್ಣ ಹೇಳಿದ್ದು ಸರಿ. ಅದರಲ್ಲಿ ಕೆಯೊಲಿನೈಟ್ ಜೇಡಿ ಇರುತ್ತದೆ, ಜೊತೆಗೆ ತುಂಬಾ ನುಣುಪು ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ). ಕೆಯೊಲಿನೈಟ್ ಎರೆಯಷ್ಟು ಉಬ್ಬಲ್ಲ, ಬಿರಿಯಲ್ಲ. ಅದು ಒಳ್ಳೆಯ ಗುಣವೇ. ಆದರೆ ರೇವೆ ಜಾಸ್ತಿ ಇದ್ದರೆ ನೀರು ತಡೆಯುವುದು ಕಷ್ಟ. ಆಗ ಬೆಂಟೊನೈಟ್ (ನೀರು ಕುಡಿದು ತುಂಬಾ ಉಬ್ಬುವ ಜೇಡಿ) ಬೆರೆಸಬೇಕಾಗುತ್ತದೆ. ಎಷ್ಟು ಬೆರೆಸಬೇಕು ಅಂತ ಮತ್ತೆ ಲ್ಯಾಬಲ್ಲೇ ನೋಡಬೇಕು. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಗುಜರಾತಿನ ಕಚ್ ಕಡೆಯಿಂದ ಬರುತ್ತದೆ. ಸಾಗಾಣಿಕೆ ಸೇರಿಸಿದರೆ ಶೀಟೇ ಅಗ್ಗ ಅನ್ನಿಸಬಹುದು. ಕಸದ ಕೊಳೆನೀರಲ್ಲಿ ಉಪ್ಪು, ಸುಣ್ಣದ ಅಂಶ ಜಾಸ್ತಿ ಇದ್ದರೆ ಬೆಂಟೊನೈಟ್ ಮೊದಲಿನಷ್ಟು ಉಬ್ಬುವುದೂ ಇಲ್ಲ. ಬರೀ ನಲ್ಲಿ ನೀರು ಹಾಕಿ ಪರೀಕ್ಷೆ ಮಾಡಿ ಖುಷಿಪಡಬಾರದು.

ನಮ್ಮ ಕಡೆಯ ಮಣ್ಣಿಗೆ ಇನ್ನೊಂದು ಮಾತು. ಸ್ಯಾಂಪಲ್ ತೆಗೆದ ತಕ್ಷಣ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಬಿಗಿಯಾಗಿ ಕಟ್ಟಿ. ಬಿಸಿಲಿಗೆ ಒಣಗಿಸಬೇಡಿ. ಕಬ್ಬಿಣದ ಅಂಶ ಇರುವ ಕೆಂಪು ಮಣ್ಣು ಒಮ್ಮೆ ಒಣಗಿದರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮತ್ತೆ ನೆನೆಸಿದರೂ ಪೂರ್ತಿ ಬಿಡಲ್ಲ. ವರದಿಯಲ್ಲಿ ಬೇರೆಯೇ ಮಣ್ಣಿನ ಲೆಕ್ಕ ಬರುತ್ತದೆ.

ಅಮ್ಮತ್ತಿ ಅಕ್ಕ:
ನಾನು ನಿಜವಾಗಿಯೂ ಅಕ್ಕ. ಸ್ವಲ್ಪ ನನ್ನ ಗೋಳೂ ಕೇಳಿ.

ಕಾಫಿಗೆ ಹೂಮಳೆ ಕೈಕೊಟ್ಟ ವರ್ಷ ತೋಟದಲ್ಲಿ ಒಂದು ಕೆರೆ ತೆಗೆಸಿದೆ. ಪ್ಲಾಸ್ಟಿಕ್ ಹಾಕಲು ಮನಸ್ಸಿಲ್ಲ. ಗದ್ದೆಯಿಂದ ಬೂದು ಜೇಡಿ ತಂದು ತಳಕ್ಕೆ ಒಂದೂವರೆ ಅಡಿ ಸುರಿಸಿದೆ. ಜೆಸಿಬಿಯವರು ಬಕೆಟ್ಟಲ್ಲಿ ನಾಲ್ಕು ಸಲ ತಟ್ಟಿ, ಮೇಲೆ ಎರಡು ಸುತ್ತು ಓಡಿಸಿ, ಆಯ್ತು ಅಕ್ಕ ಅಂದರು. ಅದು ಮಾರ್ಚ್. ಏಪ್ರಿಲ್ ಕೊನೆಗೆ ಹೋಗಿ ನೋಡಿದರೆ ತಳ ಪೂರ್ತಿ ಆಮೆ ಚಿಪ್ಪು. ಬಿರುಕಿನೊಳಗೆ ನನ್ನ ಐದು ಬೆರಳೂ ಹೋಯಿತು. ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ ಅಂತ ಸುಮ್ನೆ ಇದ್ದೆ. ಜೂನಲ್ಲಿ ತುಂಬಿತು. ಆಗಸ್ಟಲ್ಲೂ ತುಂಬಿತ್ತು, ಮೇಲಿಂದ ಬರುತ್ತಲೇ ಇತ್ತಲ್ಲ. ಡಿಸೆಂಬರಿಗೆ ಮೊಣಕಾಲುದ್ದ. ಫೆಬ್ರವರಿಗೆ ಕಪ್ಪೆ ಕೂಡ ಇಲ್ಲ. ಮಣ್ಣು ಒಳ್ಳೆಯದೇ ಇತ್ತು, ಅದೇ ಗದ್ದೆಯಲ್ಲಿ ನೀರು ನಿಲ್ಲುತ್ತಿತ್ತು. ನಾನು ಮಾಡಿದ ತಪ್ಪೇನು?

ಮಣ್ಣುಹುಳ:
ಅಕ್ಕ, ನೀವು ಪಾಠಕ್ಕೆ ಇಡುವಂಥ ಕೆರೆ ಮಾಡಿದ್ದೀರಿ. ಬೇಜಾರಾಗಬೇಡಿ.

ಒಂದೂವರೆ ಅಡಿ ಮಣ್ಣನ್ನು ಒಂದೇ ಸಲಕ್ಕೆ ಹಾಕಿದರೆ ಮೇಲಿನ ನಾಲ್ಕು ಇಂಚು ಗಟ್ಟಿಯಾಗುತ್ತದೆ. ಕೆಳಗಿನ ಹೆಂಟೆಗಳು ಹೆಂಟೆಯಾಗಿಯೇ ಉಳಿಯುತ್ತವೆ. ನೀರು ಹೆಂಟೆಯೊಳಗೆ ಹೋಗಲ್ಲ, ಹೆಂಟೆಗಳ ಸಂದಿಯಲ್ಲಿ ಓಡುತ್ತದೆ. ಸರಿಯಾದ ಕ್ರಮ ಅಂದರೆ ಹೆಂಟೆ ಪುಡಿ ಮಾಡಿ, ದಮ್ಮಸ್ಸಿಗೆ ಹದವಾದ ತೇವಕ್ಕಿಂತ ನೂರಕ್ಕೆ ಎರಡರಿಂದ ನಾಲ್ಕರಷ್ಟು ಜಾಸ್ತಿ ತೇವದಲ್ಲಿ, ಒತ್ತಿದ ಮೇಲೆ 15 ಸೆಂ.ಮೀ ಬರುವಂತೆ ಒಂದೊಂದೇ ಪದರ ಹಾಕುವುದು. ಒಂದು ಪದರ ಆದ ಮೇಲೆ ಅದರ ಮೈ ಕೆರೆದು, ಮುಂದಿನದ್ದನ್ನು ಅದಕ್ಕೆ ಕಚ್ಚಿಸಬೇಕು. ಇಲ್ಲದಿದ್ದರೆ ಎರಡು ಪದರದ ನಡುವೆ ನೀರಿಗೆ ರಸ್ತೆ. ನುಣ್ಣನೆ ರೋಲರ್ ಸಾಲದು. ಕಾಲಿರುವ ಶೀಪ್‌ಫೂಟ್ ರೋಲರ್ ಬೇಕು, ಅದು ಮಣ್ಣನ್ನು ನಾದುತ್ತದೆ. ಗದ್ದೆಯಲ್ಲಿ ಎತ್ತಿನ ಗೊರಸು ಮಾಡುವ ಕೆಲಸವೇ ಅದು. ಮುಗಿದ ದಿನವೇ ಮುಚ್ಚಬೇಕು. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಆಮೆ ಚಿಪ್ಪು ಗ್ಯಾರಂಟಿ.

ಲ್ಯಾಬಲ್ಲಿ ಅಂಗೈಯಗಲದ ಬಿಲ್ಲೆ ಪಾಸಾಗುತ್ತದೆ. ಅದೇ ಮಣ್ಣು ಜಾಗದಲ್ಲಿ ಹತ್ತು ಪಟ್ಟು, ನೂರು ಪಟ್ಟು ಸೋರುವುದು ಇದಕ್ಕೇ. ಬಿಲ್ಲೆಯಲ್ಲಿ ಬಿರುಕು ಇರಲ್ಲ, ಬೇರು ಇರಲ್ಲ, ಗದ್ದೆಬದು ಅವರ ಏಡಿ ಇರಲ್ಲ.

ಸುಂಟಿಕೊಪ್ಪ ಎಕ್ಸ್‌ಪ್ರೆಸ್:
ಶೀಪ್‌ಫೂಟ್ ಬೇಡ ಅಕ್ಕ, ನಮ್ಮ ಕಡೆ ಎಲಿಫೆಂಟ್‌ಫೂಟ್ ಬಿಟ್ಟಿ ಸಿಗುತ್ತದೆ. ವಾರಕ್ಕೆ ಮೂರು ಸಲ ಬರುತ್ತದೆ, ಡೀಸೆಲ್ ಬೇಡ.

ಅಮ್ಮತ್ತಿ ಅಕ್ಕ:
ನಗಬೇಡ ಮಾರಾಯ, ಬಂದಿತ್ತು. ಕೆರೆಯ ಒಂದು ಬದಿ ಜಾರಿ ಕುಸಿದದ್ದು ಅದರಿಂದಲೇ. ಆ ಜಾಗದಲ್ಲಿ ಮಾತ್ರ ಫೆಬ್ರವರಿಯಲ್ಲೂ ಒಂದು ಕಾಲಿನ ಗುಂಡಿಯಲ್ಲಿ ನೀರು ನಿಂತಿತ್ತು!

ಮಣ್ಣುಹುಳ:
ಎಕ್ಸ್‌ಪ್ರೆಸ್ ತಮಾಷೆಗೆ ಹೇಳಿದ್ದು ನಿಜವೇ ಆಯಿತಲ್ಲ. ಅಲ್ಲಿ ಮಣ್ಣು ಸರಿಯಾಗಿ ನಾದಿದೆ.

ಜೋಡುಪಾಲದವ:
ನೀವೆಲ್ಲ ನೀರು ಇಳಿಯುವುದರ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಗುಡ್ಡವೇ ಇಳಿಯುವ ಭಯ. 2018ರ ಆಗಸ್ಟಿನ ಭೂಕುಸಿತ ನಮ್ಮ ಕಣ್ಣಿಂದ ಇನ್ನೂ ಹೋಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ನಮ್ಮ ಜೋಡುಪಾಲ. ಆಮೇಲೆ 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಬರೆ ಕಡಿದು ಸಮ ಮಾಡಿ, ಅದರ ಮೇಲೆ ನೂರಾರು ಲೋಡ್ ಒದ್ದೆ ಕಸ ಹೇರುವುದು ಅಂದರೆ ಏನು? ಜೇಡಿ ಒಳ್ಳೆಯದಿದ್ದರೆ ಗುಡ್ಡ ನಿಲ್ಲುತ್ತಾ?

ಮಣ್ಣುಹುಳ:
ನಿಲ್ಲುವುದು ಇನ್ನೂ ಕಷ್ಟ. ಒದ್ದೆ ಜೇಡಿಯ ಮೇಲೆ ನುಣ್ಣನೆ ಶೀಟ್ ಅಂದರೆ ಜಾರುಬಂಡೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಟಲ್‌ಮನ್ ಹಿಲ್ಸ್ ಅಂತ ಒಂದು ಗುಂಡಿ. ಎಲ್ಲ ಶಾಸ್ತ್ರೋಕ್ತವಾಗಿ ಕಟ್ಟಿದ್ದು. 1988ರ ಮಾರ್ಚಲ್ಲಿ ಕಸದ ರಾಶಿ ತಳದ ಪದರಗಳ ನಡುವೆಯೇ ಜಾರಿ 10 ಮೀಟರ್‌ವರೆಗೂ ಮುಂದೆ ಹೋಯಿತು. ಅದು ಮಳೆ ಕಡಿಮೆ ಇರುವ ಜಾಗ. ನಮ್ಮಲ್ಲಿ 3000 ಮಿ.ಮೀ ಸುರಿದರೆ ಒಂದು ಎಕರೆಗೆ ಬೀಳುವ ನೀರು 1.2 ಕೋಟಿ ಲೀಟರ್. ಭಾಗಮಂಡಲದ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ಲೆಕ್ಕ ಕೊಡುತ್ತೇನೆ. ಎಕರೆಗೆ 90 ಸೆಂ.ಮೀ ಒತ್ತಿದ ಜೇಡಿ ಅಂದರೆ ಸುಮಾರು 3,600 ಘನ ಮೀಟರ್. ಸಡಿಲ ಮಣ್ಣಿನ ಲೆಕ್ಕದಲ್ಲಿ 6 ಘನ ಮೀಟರ್ ಹಿಡಿಯುವ ಟಿಪ್ಪರಿಗೆ 700 ಲೋಡ್ ಮೀರುತ್ತದೆ. ಅಲ್ಲೇ ಸಿಗದಿದ್ದರೆ ಅಷ್ಟನ್ನು ಯಾವ ಬರೆ ಕಡಿದು, ಯಾರ ಗದ್ದೆ ಅಗೆದು ತರುತ್ತಾರೆ? ಅದನ್ನೂ ಕೇಳಿ.

ಕಾಫಿಕಣ:
ನಿಯಮ ನಿಯಮ ಅನ್ನುತ್ತೀರಲ್ಲ, ಅದೇ 2016ರ ನಿಯಮದಲ್ಲಿ ಗುಡ್ಡಗಾಡಿಗೆ ಬೇರೆ ಮಾತಿದೆ. ಗುಡ್ಡದ ಮೇಲೆ ಗುಂಡಿ ಮಾಡುವುದನ್ನು ತಪ್ಪಿಸಬೇಕು, ಕೆಳಗಿನ ಬಯಲಲ್ಲಿ 25 ಕಿ.ಮೀ ಒಳಗೆ ಜಾಗ ಹುಡುಕಬೇಕು ಅಂತ ಇದೆ. ಮಣ್ಣಿನ ಚರ್ಚೆಯೇ ಬೇಡ, ಇದನ್ನೇ ಹಿಡಿಯಿರಿ.

ಪಿರಿಯಾಪಟ್ಟಣ ಪೇಟೆ:
ಓಹೋ, ಕೆಳಗಿನ ಬಯಲು ಅಂದರೆ ನಾವು! ನಿಮ್ಮಲ್ಲಿ ಟೂರಿಸ್ಟ್ ದುಡ್ಡು, ನಮ್ಮಲ್ಲಿ ಟೂರಿಸ್ಟ್ ಬಾಟ್ಲಿ. ಚೆನ್ನಾಗಿದೆ ಸ್ವಾಮಿ ನಿಮ್ಮ ನ್ಯಾಯ.

ಕಾಫಿಕಣ:
ನಾನು ಬರೆದ ನಿಯಮ ಅಲ್ಲ ಅದು.

ಪಿರಿಯಾಪಟ್ಟಣ ಪೇಟೆ:
ನೀವು ಬರೆದಿಲ್ಲ, ಓದಿ ಖುಷಿಪಟ್ಟಿರಿ. ನಮ್ಮಲ್ಲೂ ಬಾವಿ ಇದೆ, ನಾವೂ ನೀರು ಕುಡಿಯುತ್ತೇವೆ.

ಅಮ್ಮತ್ತಿ ಅಕ್ಕ:
ಪೇಟೆಯವರು ಹೇಳುವುದರಲ್ಲಿ ತಪ್ಪೇನಿದೆ? ನಾನು ಹೋಂಸ್ಟೇ ನಡೆಸುತ್ತೇನೆ. ಶನಿವಾರ ಭಾನುವಾರ ಎರಡೇ ದಿನಕ್ಕೆ ಒಂದು ಗೋಣಿ ಬಾಟ್ಲಿ, ಒಂದು ಬಕೆಟ್ ಎಂಜಲು. ಎಂಜಲು ಗೊಬ್ಬರದ ಗುಂಡಿಗೆ ಹೋಗುತ್ತದೆ, ಬಾಟ್ಲಿ ಗುಜರಿಗೆ. ಉಳಿಯುವುದು ಡೈಪರು, ಕುರುಕಲು ತಿಂಡಿ ಪ್ಯಾಕೆಟ್ಟು, ಒಡೆದ ಗಾಜು. ವಾರಕ್ಕೆ ಒಂದು ಸಣ್ಣ ಚೀಲ. ಅಷ್ಟಕ್ಕೆ ಎರಡು ಎಕರೆ ಯಾಕೆ?

ಮಣ್ಣುಹುಳ:
ನಿಯಮವೂ ಅದನ್ನೇ ಹೇಳುತ್ತದೆ. ಕೊಳೆಯುವುದು, ಮತ್ತೆ ಬಳಸುವುದು, ಸುಡಬಹುದಾದದ್ದು ಯಾವುದೂ ಹೂಳುವ ಗುಂಡಿಗೆ ಬರಬಾರದು. ಎಂಜಲು ಬರದಿದ್ದರೆ ಕೊಳೆನೀರಿನ ವಾಸನೆಯೂ ವಿಷವೂ ಎಷ್ಟೋ ಕಡಿಮೆ. ಆದರೆ ಪೇಟೆಯವರ ಸಿಟ್ಟಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಗದ್ದೆಬದು:
ಬಾಣೆಮನೆ, ನೀರಿನ ಮಟ್ಟ ನೋಡಿದಿರಾ? ಆ ಪೈಸಾರಿ ಮೂಲೆಯಲ್ಲಿ ಜೊಂಡು ಹುಲ್ಲು ಇದೆಯಾ? ಇದ್ದರೆ ಒಂದು ಗುಂಡಿ ತೆಗೆದು ನೋಡಿ. ಹೇಗೂ ಮಣ್ಣಿನ ಸ್ಯಾಂಪಲ್ ಬೇಕಲ್ಲ.

ಮಣ್ಣುಹುಳ:
ಹೌದು, ಇದನ್ನು ನಾನೇ ಮೊದಲು ಹೇಳಬೇಕಿತ್ತು. ಅದೇ ನಿಯಮದ ಪ್ರಕಾರ ಜೇಡಿ ಪದರದ ಅಡಿಯಿಂದ ನೀರಿನ ಮಟ್ಟ ಕನಿಷ್ಠ 2 ಮೀಟರ್ ಕೆಳಗಿರಬೇಕು. ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು. ಅಳೆದು ನೋಡಿ.

ಬಾಣೆಮನೆ:
ಭಾನುವಾರ ರಾತ್ರಿಯ ವರದಿ.

ನಾನು, ಪಕ್ಕದ ಮನೆ ಮಾವ, ಇಬ್ಬರು ಹುಡುಗರು ಸೇರಿ ಗುಂಡಿ ತೆಗೆದೆವು. ಜೊಂಡು ಇತ್ತು. ಎರಡು ಅಡಿವರೆಗೆ ಕೆಂಪು, ಆಮೇಲೆ ಬಿಳಿ ಗುಲಾಬಿ. ನಾಲ್ಕೂವರೆ ಅಡಿಗೆ ಗೋಡೆ ಬೆವರಲು ಶುರುವಾಯಿತು. ಮೊದಲು ಒಂದು ಕಡೆ ಸೂಜಿ ಗಾತ್ರದ ಒರತೆ, ಆಮೇಲೆ ಮೂರು ಕಡೆ. ಬೆಳಿಗ್ಗೆ ಹೋದರೆ ಒಂದೂವರೆ ಅಡಿ ನೀರು, ತಿಳಿಯಾಗಿ. ಮಾವ ಬಗ್ಗಿ ಒಂದು ಬೊಗಸೆ ಕುಡಿದೇಬಿಟ್ಟರು. ಮಳೆ ನೀರು ಇರಬಹುದು ಅಂತ ಎಲ್ಲ ಎತ್ತಿ ಹಾಕಿದೆವು. ನಾಲ್ಕು ದಿನದಿಂದ ಮಳೆ ಇಲ್ಲ. ಸಂಜೆಗೆ ಮತ್ತೆ ಅಷ್ಟೇ ನೀರು.

ಬಾವಿಗೆ ಟೇಪ್ ಹಿಡಿದೆವು. 140 ಮೀಟರ್.

ಸ್ಯಾಂಪಲ್ ನಾಲ್ಕು ಕಡೆ ತೆಗೆದು ಕವರಲ್ಲಿ ಕಟ್ಟಿಟ್ಟಿದ್ದೇನೆ. ಇನ್ನು ಕಳಿಸಬೇಕಾ ಸರ್?

ಮಣ್ಣುಹುಳ:
ಮಣ್ಣಿನ ಪರೀಕ್ಷೆಗೆ ಮೊದಲೇ ಜಾಗ ಫೇಲ್ ಆಯಿತಲ್ಲ. ಆ ದುಡ್ಡಲ್ಲಿ ಬಾವಿ ನೀರು ಈಗಲೇ ಪರೀಕ್ಷೆ ಮಾಡಿಸಿ, ತಾರೀಕು ಇರುವ ವರದಿ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಬೇಕಾಗುತ್ತದೆ.

ಕುಂಬಾರಬೀದಿ:
ಸ್ಯಾಂಪಲ್ ಬಿಸಾಡಬೇಡಿ ಅಣ್ಣ. ಒಂದು ಕವರ್ ನನಗೆ ಕೊಡಿ, ತಿರುಗಿಸಿ ನೋಡುತ್ತೇನೆ.

ಅಮ್ಮತ್ತಿ ಅಕ್ಕ:
ಆ ಗುಂಡಿ ಮುಚ್ಚಿದಿರಾ? ದನ ಕರು ಬಿದ್ದೀತು.

ಬಾಣೆಮನೆ:
ಮುಚ್ಚಿಲ್ಲ ಅಕ್ಕ. ಸುತ್ತ ಬಿದಿರು ಕಟ್ಟಿದ್ದೇವೆ. ನಾಳೆ ಹತ್ತು ಗಂಟೆಗೆ ಅವರು ಬರುತ್ತಾರೆ. ಬಂದ ತಕ್ಷಣ ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಮಾವ ಲೋಟ ತರುತ್ತಾರಂತೆ.